ನೂರು ಮೊಟ್ಟೆ, ನಾಲ್ಕು ಮೂಟೆ

ಒಂದಾನೊಂದು ಊರಿನಲ್ಲಿ, ಶಿಡ್ಲಘಟ್ಟಕ್ಕೆ ಆರೇ ಕಿಲೋಮೀಟರ್ ದೂರದಲ್ಲಿ, ಹೋದ ಭಾನುವಾರದವರೆಗೂ ಸುಖವಾಗಿದ್ದ ಒಬ್ಬ ಮೇಷ್ಟ್ರಿದ್ದ. ಹೆಸರು ವೇಣು. ನಗರಗೆರೆಯ ಜೋಳದ ಹೊಲದ ಕಡೆಯವನು. ರೇಷ್ಮೆಯನ್ನು ಸೀರೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅವನಿಗೆ ಒಂದೇ ಮಂತ್ರ: "ಮೇಲೊಂದು ಯೂನಿಟ್ಟು, ಕೆಳಗೂ ಅದೇ ಯೂನಿಟ್ಟು ಬಂದರೆ ಹೊಡೆದುಹಾಕು. ಬೇಕಾದ್ದು ಉಳಿದರೆ ಉತ್ತರ ಸರಿ."

ಅವನು ಬಾಡಿಗೆಗಿದ್ದ ಮನೆಯ ಯಜಮಾನಿ, ರೇಷ್ಮೆ ಹುಳ ಸಾಕುವ ಚಿಕ್ಕವೆಂಕಟಮ್ಮ. ಅವನು ಕಾಯಿಲೆ ಬಿದ್ದಾಗ ಒಂಬತ್ತು ದಿನ ಗಂಜಿ ಕುಡಿಸಿದ ಅಜ್ಜಿ. ಆ ಋಣ ತೀರಿಸಲು ಅವನು ಕಾಯುತ್ತಲೇ ಇದ್ದ. ಭಾನುವಾರ ಅಜ್ಜಿ ಅಂಬಾಜಿದುರ್ಗಕ್ಕೆ ಗೃಹಪ್ರವೇಶಕ್ಕೆ ಹೊರಟಾಗ ಎದ್ದು ನಿಂತ.

"ಸಾಯಂಕಾಲದ ಸೊಪ್ಪು ನಾನು ಹಾಕ್ತೀನಿ ಅಜ್ಜಿ. ಹುಳ ಹಸ್ಕೊಂಡಿರಲ್ಲ, ಮಾತು ಕೊಟ್ಟೆ."

"ನೂರು ಮೊಟ್ಟೆ ಇದೆ ಕಣಪ್ಪ ವೇಣಪ್ಪ. ಮಕ್ಕಳ ಹಂಗೆ ಸಾಕಿದ್ದೀನಿ, ಜೋಪಾನ!"

ಬಸ್ಸು ಹೋಯಿತು. ಒಂದು ಹುಳಕ್ಕೆ ಒಂದು ಹೊತ್ತಿಗೆ ಎರಡು ಗ್ರಾಂ ಸೊಪ್ಪು ಎಂದು ಫೋನು ಹೇಳಿತು. ಹುಳದ ಮನೆಯೊಳಗೆ ಇಣುಕಿಯೂ ನೋಡದೆ ವೇಣು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ನೂರು ಮೊಟ್ಟೆ, ಮೊಟ್ಟೆಗೊಂದು ಹುಳ, ಹುಳಕ್ಕೆರಡು ಗ್ರಾಂ. ಮೊಟ್ಟೆಗೆ ಮೊಟ್ಟೆ ಹೋಯಿತು, ಹುಳಕ್ಕೆ ಹುಳ ಹೋಯಿತು, ಗ್ರಾಂ ಉಳಿಯಿತು. ಇನ್ನೂರು! ಅಜ್ಜಿಯ ತೋಟದಿಂದ ಹಿಪ್ಪುನೇರಳೆ ಸೊಪ್ಪು ತಂದು, ತೂಕ ಮಾಡಿ ಟಿಫನ್ ಡಬ್ಬಿಗೆ ತುಂಬಿದ.

ಜಗಲಿಯ ಮೇಲಿದ್ದ ಪಕ್ಕದ ಮನೆಯ ಆವುಲಪ್ಪ ಇಣುಕಿದ. "ಏನ್ ಮೇಷ್ಟ್ರೇ, ಸೊಪ್ಪಿನ ಸಾರಾ?"

"ಹುಳಕ್ಕೆ. ನೂರು ಮೊಟ್ಟೆಗೆ."

"ಅಯ್ಯೋ ದೇವುಡಾ! ನಮ್ಮಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟಿದ್ದಷ್ಟೂ! ನಾನೂರು ಹುಳ!"

"ಕೋಳಿ ಮೊಟ್ಟೆ ಅಂದ್ಕೊಂಡ್ರೇನೋ ಪಾಪ," ಎಂದಳು ಎದುರುಮನೆ ಜ್ಯೋತಿಲಕ್ಷ್ಮಿ.

ವೇಣುವಿನ ಮುಖ ನೀರು ಹೆಚ್ಚಾದ ಮುದ್ದೆಯಂತೆ ಇಳಿಯಿತು. ನಲವತ್ತು ಸಾವಿರ ಹುಳ. ಎಂಬತ್ತು ಕಿಲೋ! ಡಬ್ಬಿಯನ್ನು ಹುಳದ ಮನೆಯ ಹೊಸ್ತಿಲಲ್ಲೇ ಬಿಟ್ಟು ತೋಟಕ್ಕೆ ಓಡಿದ. ನಗುನಗುತ್ತಲೇ ಅವರಿಬ್ಬರೂ ಕುಡುಗೋಲು ಹಿಡಿದು ಹಿಂದೆ ಬಂದರು. ಇಳಿಹೊತ್ತಿಗೆ ನಾಲ್ಕು ಮೂಟೆ. ಒಂದೊಂದಾಗಿ ನಾಲ್ಕನ್ನೂ ಹೊತ್ತು ತಂದ ವೇಣುವಿನ ಕತ್ತು ಆಮೆಯ ಕತ್ತಿನಂತೆ ಒಳಗೆ ಸೇರಿತ್ತು.

ರೋಗ ತಗಲೀತೆಂದು ಬೇರೆಯವರ ಹುಳದ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ನೆರೆಯವರು ಅಂಗಳದಲ್ಲೇ ನಿಂತರು. ವೇಣು ಬಾಗಿಲು ತೆಗೆಯುವುದಕ್ಕೂ ಬಸ್ಸಿಳಿದ ಅಜ್ಜಿ ಬರುವುದಕ್ಕೂ ಸರಿಹೋಯಿತು.

ಅಜ್ಜಿ ಒಳಗೆ ನೋಡಿ ಕೆನ್ನೆ ಹಿಡಿದುಕೊಂಡಳು. "ಒಂದು ದಿನ ಮುಂಚೇನೇ ಹಣ್ಣಾಗಿವೆ ಕಣೋ! ಮೈ ಹೆಂಗೆ ಹೊಳೀತಿದೆ ನೋಡು. ಇನ್ನು ಸೊಪ್ಪು ಮುಟ್ಟಲ್ಲ, ಗೂಡು ಕಟ್ತವೆ."

"ಈ ನಾಲ್ಕು ಮೂಟೆ?"

"ಇವ್ರ ಹುಳ ಇನ್ನೂ ಚಿಕ್ಕವು. ಇವ್ರಿಗೆ ಕೊಡಪ್ಪ."

"ನಿಮ್ಮ ಉಪಕಾರ ಮರೆಯಲ್ಲ ಮೇಷ್ಟ್ರೇ!" ನೆರೆಯವರು ತಲಾ ಎರಡು ಮೂಟೆ ಹೊತ್ತು ಹೋದರು.

ಅಷ್ಟರಲ್ಲಿ ಅಜ್ಜಿ ಮೂಲೆಯ ತಟ್ಟೆಗೆ ಬಗ್ಗಿದಳು. "ಇಲ್ಲೊಂದು ನೂರು ಹುಳ ಹಿಂದೆ ಬಿದ್ದಿವೆ. ಇವಕ್ಕಿಷ್ಟು ಸೊಪ್ಪು..." ಕಣ್ಣು ಹೊಸ್ತಿಲಿನ ಡಬ್ಬಿಯ ಮೇಲೆ ಬಿತ್ತು. "ಆಗಲೇ ಲೆಕ್ಕ ಹಾಕಿ ಇಟ್ಟಿದ್ದೀಯಲ್ಲೋ! ನಿನ್ನ ಹೊಟ್ಟೆ ತಣ್ಣಗಿರ್ಲಿ. ಹಾಕಿ ಬಾ, ಮಿಕ್ಕ ಹತ್ತತ್ರ ನಲವತ್ತು ಸಾವಿರಾನೂ ಒಂದೊಂದೇ ಕೈಯಲ್ಲಿ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡ್ಬೇಕು. ನಾವಿಬ್ಬರೇ."

ತಲೆಗೆ ಇಪ್ಪತ್ತು ಸಾವಿರ. ವೇಣು ಮೇಲೆ ನೋಡಿದ, ಕೆಳಗೆ ನೋಡಿದ. ಹೊಡೆದುಹಾಕಲು ಯಾವ ಯೂನಿಟ್ಟೂ ಸಿಗಲಿಲ್ಲ. ಒಂಬತ್ತು ದಿನದ ಗಂಜಿ ನೆನಪಾಯಿತು. ಅಂಗಿಯ ತೋಳು ಮಡಿಸಿ, ಡಬ್ಬಿ ತೆರೆದು, ನೂರು ಹುಳಗಳ ಮೇಲೆ ಇನ್ನೂರು ಗ್ರಾಂ ಸೊಪ್ಪು ಹರಡಿದ. ಒಂದೆಲೆಯೂ ಮಿಗಲಿಲ್ಲ.