ಹಡಗು ಹತ್ತುವವರಿಗೆ ನಮ್ಮ ಭಾವನ ಕಿವಿಮಾತು

ಭದ್ರಾವತಿಯ ಜನ್ನಾಪುರದಲ್ಲಿ ಸಮುದ್ರಯಾನದ ಬಗ್ಗೆ ಯಾರಿಗೇ ಅನುಮಾನ ಬಂದರೂ ನಮ್ಮ ಭಾವನನ್ನು ಕೇಳಬೇಕು. ಜನ್ನಾಪುರದಲ್ಲಿ ಅಂಥ ಅನುಮಾನ ಯಾರಿಗೆ ಬರುತ್ತದೆ ಎಂದು ನೀವು ಕೇಳಬಹುದು. ಯಾರಿಗೂ ಬರುವುದಿಲ್ಲ! ಆದರೆ ಅದು ಭಾವನಿಗೆ ಅಡ್ಡಿಯೇ ಅಲ್ಲ. ಅನುಮಾನವನ್ನೂ ಅವರೇ ಹುಟ್ಟಿಸಿ, ಪರಿಹಾರವನ್ನೂ ಅವರೇ ಕೊಡುತ್ತಾರೆ. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರ ಪಕ್ಕಕ್ಕೆ ಹೋಗಿ, "ನೋಡಿ ಸಾರ್, ಹಡಗಲ್ಲಿ ರೂಮ್ ತಗೊಂಡ್ರೆ ಕೆಳಗಿನ ಅಂತಸ್ತಲ್ಲಿ, ನಡುಮಧ್ಯದಲ್ಲಿ ತಗೊಳ್ಳಿ. ಮೇಲೆ ಹೋದಷ್ಟೂ ತೂಗಾಟ ಜಾಸ್ತಿ" ಎನ್ನುತ್ತಾರೆ. ಕತ್ತಿನ ಮೇಲೆ ಕತ್ತಿ ಓಡಾಡುತ್ತಿರುವಾಗ ಯಾರು ತಾನೇ ತಲೆ ಅಲ್ಲಾಡಿಸಿ ಬೇಡ ಎಂದಾರು?

ಇಷ್ಟೆಲ್ಲ ತಿಳಿದ ಭಾವ ಆವರೆಗೆ ಹಡಗನ್ನು ಕಣ್ಣಾರೆ ಕಂಡೇ ಇರಲಿಲ್ಲ. ಅದು ಸಣ್ಣ ವಿಷಯ ಬಿಡಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ಯಾರೋ ಹಡಗಿನ ಪ್ರವಾಸ ಮಾಡಿದ ವಿಡಿಯೋ ನೋಡಿದರು. ಕಾಫಿ ಆರಿತು, ಭಾವ ಕಾದರು! ಮಧ್ಯಾಹ್ನದೊಳಗೆ ಅಂಥ ಎಷ್ಟೋ ವಿಡಿಯೋ ನೋಡಿ ಮುಗಿಸಿದ್ದರು. ಸಂಜೆ ಶಿವಮೊಗ್ಗದ ನಮ್ಮ ಮನೆಗೆ ಫೋನು ಬಂತು. "ಚೆನ್ನೈನಿಂದ ಹಡಗು. ಎರಡು ರಾತ್ರಿ ಸಮುದ್ರದಲ್ಲಿ ಸುತ್ತಿ ವಾಪಸ್ಸು. ನಾನು, ನಿಮ್ಮಕ್ಕ, ನೀನು. ರಜೆ ಹಾಕು ಮಾರಾಯ್ತಿ."

"ಅಕ್ಕ ಏನಂದ್ಲು?" ಎಂದೆ.

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಅಕ್ಕನ್ನ ಇನ್ನೂ ಯಾರೂ ಕೇಳಿಲ್ಲ."

ನಮ್ಮಕ್ಕ ಹಾಗೆಯೇ. ದಿನಕ್ಕೆ ನಾಲ್ಕು ಮಾತು. ಉಳಿದದ್ದೆಲ್ಲ ಭಾವನ ಪಾಲು.

ಅಲ್ಲಿಂದ ಮುಂದೆ ಶುರುವಾಯಿತು ನೋಡಿ, ತಯಾರಿ! ಮೊದಲನೆಯದು ಕಾಲು ಗಟ್ಟಿ ಮಾಡಿಕೊಳ್ಳುವುದು. ತೂಗಾಡುವ ನೆಲದ ಮೇಲೆ ನಿಲ್ಲುವುದನ್ನು ಮೊದಲೇ ರೂಢಿಸಿಕೊಳ್ಳಬೇಕಂತೆ. ಅದಕ್ಕೆ ಭಾವ ಕಂಡುಕೊಂಡ ದಾರಿ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸು. ಅರ್ಧ ಬಸ್ಸು ಖಾಲಿ ಇದ್ದರೂ ನಡುವೆ ಕಾಲಗಲಿಸಿ, ಎಲ್ಲೂ ಹಿಡಿದುಕೊಳ್ಳದೆ, ಕೈಕಟ್ಟಿ ನಿಲ್ಲುತ್ತಿದ್ದರು. ಸ್ವಲ್ಪ ದೂರ ಚೆನ್ನಾಗಿಯೇ ನಡೆಯಿತು. ಆಮೇಲೆ ಡ್ರೈವರು ಬ್ರೇಕ್ ಒತ್ತಿದ. ಭಾವ ಹೋಗಿ ಒಬ್ಬ ಹೆಂಗಸಿನ ಮಡಿಲಲ್ಲಿದ್ದ ಟೊಮೆಟೊ ಚೀಲದ ಮೇಲೆ ಆಸೀನರಾದರು.

"ಏನ್ರೀ ಇದು! ಬಸ್ಸೆಲ್ಲಾ ಖಾಲಿ ಇದ್ಯಲ್ರೀ!"

"ಕ್ಷಮಿಸಿ ಅಮ್ಮಾ, ಅಲೆ ಬಂತು" ಎಂದರಂತೆ ಭಾವ.

ಕಂಡಕ್ಟರು ಟಿಕೆಟ್ ಹರಿಯುತ್ತಾ ಹೇಳಿದನಂತೆ, "ಅದು ಅಲೆ ಅಲ್ಲ ಸಾರ್, ಹಂಪು. ಮುಂದೆ ಇನ್ನೂ ಇವೆ, ಕೂತ್ಕೊಳ್ಳಿ."

ಕಾಲಿನ ಪಾಠ ಅಲ್ಲಿಗೆ ಮುಗಿದು ಹೊಟ್ಟೆಯ ಪಾಠ ಶುರುವಾಯಿತು. ತೂಗಾಟದಲ್ಲಿ ಊಟ ಮಾಡಿ ಅರಗಿಸಿಕೊಳ್ಳಬೇಕಲ್ಲ! ಒಂದು ಭಾನುವಾರ ನಾನು ಜನ್ನಾಪುರಕ್ಕೆ ಹೋದಾಗ ಭಾವ ಹಾಲಿನ ತೂಗುಮಂಚದ ಮೇಲೆ ತಟ್ಟೆ ಹಿಡಿದು ಕೂತಿದ್ದರು. ಅಕ್ಕ ಮಂಚವನ್ನು ತೂಗುತ್ತಿದ್ದಳು. "ಇನ್ನೂ ಜೋರು! ಬಂಗಾಳಕೊಲ್ಲಿ ಇಷ್ಟು ಮೆತ್ತಗಿರಲ್ಲ!" ಎಂದು ಭಾವ ಆಜ್ಞೆ ಕೊಟ್ಟರು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ತೂಗಿದಳು ನೋಡಿ! ಅಷ್ಟು ವರ್ಷದ ಸಂಸಾರದ ಲೆಕ್ಕವೆಲ್ಲ ಆ ಒಂದು ನೂಕಿನಲ್ಲಿ ಚುಕ್ತಾ ಆಗಿರಬೇಕು. ಸಾರು ಗೋಡೆಗೆ, ಅನ್ನ ಭಾವನ ಬನಿಯನ್ನಿಗೆ, ಹಪ್ಪಳ ಎಲ್ಲಿಗೆ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಹೊರಡುವ ದಿನ ಶಿವಮೊಗ್ಗದ ಹತ್ತಿರದ ಸೋಗಾನೆ ವಿಮಾನ ನಿಲ್ದಾಣಕ್ಕೆ ನಾವು ಎಷ್ಟು ಮುಂಚೆ ಹೋದೆವೆಂದರೆ, ಬಾಗಿಲಲ್ಲಿದ್ದವನು ಟಿಕೆಟ್ ನೋಡಿ, "ಸಾರ್, ನಿಮ್ಮ ವಿಮಾನ ಇನ್ನೂ ಚೆನ್ನೈನಿಂದ ಹೊರಟೇ ಇಲ್ಲ" ಎಂದ. "ಹಡಗು ಯಾರಿಗೂ ಕಾಯಲ್ಲಪ್ಪಾ" ಎಂದರು ಭಾವ. "ಹೊರಡೋ ಹಿಂದಿನ ದಿನಾನೇ ಬಂದರಿನ ಊರು ಸೇರ್ಕೊಂಡಿರ್ಬೇಕು. ನೀನೂ ನೆನಪಿಟ್ಕೋ." ಅವನು ನೆನಪಿಟ್ಟುಕೊಂಡನೋ ಇಲ್ಲವೋ, ನಮ್ಮನ್ನಂತೂ ಮರೆತಿರಲಾರ.

ಚೆನ್ನೈಯಲ್ಲಿ ಭಾಷೆಯ ಚಿಂತೆ ನಮಗಿಲ್ಲ ಎಂದು ಭಾವ ಮೊದಲೇ ಅಭಯ ಕೊಟ್ಟಿದ್ದರು. ಕಾರ್ಖಾನೆಯ ತಮಿಳು ಸ್ನೇಹಿತರ ಜೊತೆ ಇಡೀ ಸರ್ವೀಸು ತಮಿಳಿನಲ್ಲೇ ಮಾತಾಡಿದವರು! ಬಂದರಿನಲ್ಲಿ ಪಾಸು ನೋಡುವ ಹುಡುಗಿಯ ಹತ್ತಿರ ಹೋಗಿ, ಬಹಳ ಹೊತ್ತು, ಕೈಬಾಯಿ ತಿರುಗಿಸಿ ಮಾತಾಡಿದರು. ಅವಳು ಗೌರವದಿಂದ ಪೂರ್ತಿ ಕೇಳಿಸಿಕೊಂಡು, "ಸಾರ್, ಇದು ಮಲಯಾಳಮಾ?" ಎಂದಳು.

ಹಡಗಿಗೆ ಇಸ್ತ್ರಿಪೆಟ್ಟಿಗೆ ತರಬಾರದು ಎಂದು ಭಾವ ನಮಗೆ ಊರಿನಲ್ಲೇ ತಾಕೀತು ಮಾಡಿದ್ದರು. ತಂದಿರಲಿಲ್ಲ. ಆದರೆ ತಪಾಸಣೆಯಲ್ಲಿ ಭಾವನ ಚೀಲವೇ ಕುಂಯ್ ಎಂದಿತು. ಒಳಗಿನಿಂದ ಹೊರಗೆ ಬಂದದ್ದು ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್!

"ಬೆಂಕಿ ಹತ್ತಿಸೋ ವಸ್ತು ಬಿಡಲ್ಲ ಸಾರ್."

"ವಿಡಿಯೋದಲ್ಲಿ ಇಸ್ತ್ರಿಪೆಟ್ಟಿಗೆ ಅಂತ ಮಾತ್ರ ಹೇಳಿದ್ರು!" ಎಂದು ಭಾವ ವಾದಿಸಿದರು. ಅಕ್ಕ ದೂರ ಹೋಗಿ, ನಮಗೆ ಸಂಬಂಧವೇ ಇಲ್ಲದ ಒಂದು ಕುಟುಂಬದ ಜೊತೆ ನಿಂತುಕೊಂಡಳು.

ಇನ್ನೊಂದು ಕಿವಿಮಾತು. ಇದು ನಿಜವಾಗಿಯೂ ಉಪಯೋಗದ್ದು, ನೀವೂ ಕೇಳಿಸಿಕೊಳ್ಳಿ. ದೊಡ್ಡ ಸೂಟ್‌ಕೇಸುಗಳನ್ನು ಬಂದರಿನಲ್ಲೇ ಇಸಿದುಕೊಳ್ಳುತ್ತಾರೆ, ಅವು ರೂಮಿಗೆ ಬಂದು ಸೇರುವಾಗ ಸಂಜೆಯಾಗುತ್ತದೆ. ಆದ್ದರಿಂದ ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಜನ್ನಾಪುರದ ಹಾಲಿನವರಿಂದ ಹಿಡಿದು ನಾನು ಕೆಲಸ ಮಾಡುವ ಬ್ಯಾಂಕಿನ ಮ್ಯಾನೇಜರರವರೆಗೆ ಎಲ್ಲರಿಗೂ ಭಾವ ಇದನ್ನು ಹೇಳಿದ್ದರು. ರೂಮಿಗೆ ಬಂದು ಕೂತ ಮೇಲೆ ನೋಡಿದರೆ, ಅವರ ಬಿ.ಪಿ. ಮಾತ್ರೆ ಸೂಟ್‌ಕೇಸಿನಲ್ಲಿ! ಪಂಚೆಯೂ ಸೂಟ್‌ಕೇಸಿನಲ್ಲಿ! ಊರಿಗೆಲ್ಲ ಹೇಳುವವರಿಗೆ ಪಾಲಿಸಲು ಪುರುಸೊತ್ತೆಲ್ಲಿ? ಅಕ್ಕ ತನ್ನ ಕೈಚೀಲದ ಜಿಪ್ ಎಳೆದು, ಬೇರೆಯಾಗಿಯೇ ತಂದಿದ್ದ ಮಾತ್ರೆ, ಪಂಚೆ ಎರಡನ್ನೂ ತೆಗೆದಿಟ್ಟಳು.

"ಓಹ್, ನಿನ್ ಹತ್ರ ಇತ್ತಾ ಇವಳೇ? ನಾನೇ ನಿನ್ ಬ್ಯಾಗಿಗೆ ಹಾಕಿದ್ದೆ ಅನ್ಸುತ್ತೆ" ಎಂದರು ಭಾವ.

ಹಡಗು ಹೊರಡುವ ಮುಂಚೆ ಸುರಕ್ಷತೆಯ ಪಾಠವಿರುತ್ತದೆ. ಅಪಾಯವಾದರೆ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ಟು ಹೇಗೆ ಹಾಕಬೇಕು ಎಂದು ತೋರಿಸುತ್ತಾರೆ. ಸುಮ್ಮನೆ ನೋಡಿದರೆ ಸಾಕು. ಭಾವ ಸುಮ್ಮನೆ ನೋಡುವವರೇ? ಒಂದು ಜಾಕೆಟ್ಟನ್ನು ಇಸಿದು ತಾವೂ ತೊಟ್ಟರು. ಎಳೆದು ಕಟ್ಟಿದರು. ಬಿಚ್ಚಲು ಬರಲಿಲ್ಲ. "ಇರ್ಲಿ ಬಿಡು, ಬೆಚ್ಚಗಿದೆ" ಎಂದು ಹಾಗೇ ಊಟದ ಹಾಲಿಗೆ ಬಂದರು. ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಗಂಭೀರವಾಗಿ ಮೊಸರನ್ನ ಬಡಿಸಿಕೊಳ್ಳುತ್ತಿರುವ ಹಿರಿಯರನ್ನು ಕಂಡರೆ ಉಳಿದವರಿಗೆ ಏನನ್ನಿಸಬೇಡ? ಮೊದಲು ಒಬ್ಬರು ಚಮಚ ಕೆಳಗಿಟ್ಟರು. ಆಮೇಲೆ ಒಂದು ಮೇಜಿನವರು ಎದ್ದರು. ಭಾವ ಉಪ್ಪಿನಕಾಯಿಯವರೆಗೆ ಬರುವಷ್ಟರಲ್ಲಿ ಬಾಗಿಲ ಬಳಿ ಒಂದು ಗುಂಪೇ ನಿಂತು, "ನಮ್ಮ ಜಾಕೆಟ್ಟು ಎಲ್ಲಿ?" ಎಂದು ಕೂಗಾಡುತ್ತಿತ್ತು! ಕೊನೆಗೆ ಹಡಗಿನ ಇಬ್ಬರು ಸಿಬ್ಬಂದಿ ಹಿಡಿದುಕೊಂಡು ಭಾವನನ್ನು ಅದರಿಂದ ಸುಲಿದರು.

ಮರುದಿನ ಬೆಳಿಗ್ಗೆ ಸುತ್ತಲೂ ಬರೀ ನೀರು. ಭಾವ ಆಗಲೂ ಕೆಲಸದ ಮೇಲೇ ಇದ್ದರು. ತಲೆ ಸುತ್ತಿ ಕೂತಿದ್ದ ಯಾರಿಗೋ, "ಕೆಳಗೆ ನೋಡ್ಬೇಡಿ, ದೂರ ನೀರೂ ಆಕಾಶವೂ ಸೇರೋ ಗೆರೆ ನೋಡಿ" ಎಂದು ಹೇಳಿಕೊಟ್ಟರು. ನಮ್ಮ ಮೂರೂ ಫೋನುಗಳನ್ನು ಏರೋಪ್ಲೇನ್ ಮೋಡಿಗೆ ಹಾಕಿಸಿ ರೂಮಿನ ಕಪಾಟಿನಲ್ಲಿ ಇರಿಸಿದರು. ಸಮುದ್ರದ ನಡುವೆ ಫೋನು ಹಚ್ಚಿದರೆ ಬಿಲ್ಲು ಆಕಾಶ ಮುಟ್ಟುತ್ತದಂತೆ. "ಫೋನಿಲ್ದೆ ಕಳೆದುಹೋದ್ರೆ?" ಎಂದೆ. ಅದಕ್ಕೂ ಭಾವನ ಬಳಿ ಉತ್ತರವಿತ್ತು. "ಒಂದು ಜಾಗ ಗೊತ್ತು ಮಾಡ್ಕೋಬೇಕು. ನೋಡು, ಕಮಲದ ಚಿತ್ರ ಇದ್ಯಲ್ಲ, ಈ ಲಿಫ್ಟಿನ ಮುಂದೆ." ಬಹಳ ಒಳ್ಳೆಯ ಉಪಾಯ. ಆದರೆ ಆ ಹಡಗಿನ ಪ್ರತಿಯೊಂದು ಅಂತಸ್ತಿನಲ್ಲೂ ಲಿಫ್ಟಿನ ಮುಂದೆ ಅದೇ ಕಮಲದ ಚಿತ್ರವಿತ್ತು!

ಇದು ನಮಗೆ ತಿಳಿದದ್ದು ಮಧ್ಯಾಹ್ನ, ಅಕ್ಕ ಕಾಣದಾದಾಗ.

ಊಟವಾದ ಮೇಲೆ ನಾನೂ ಭಾವನೂ ಒಂದಿಷ್ಟು ಕಣ್ಣು ಮುಚ್ಚಿದ್ದೆವು. "ಟೀ ಕುಡ್ದು ಬರ್ತೀನಿ" ಎಂದು ಹೋದ ಅಕ್ಕ ನಾವು ಎದ್ದಾಗಲೂ ಬಂದಿರಲಿಲ್ಲ. ಟೀ ಕೊಡುವಲ್ಲಿ ಇರಲಿಲ್ಲ. ಊಟದ ಹಾಲಿನಲ್ಲಿ ಇರಲಿಲ್ಲ. ಒಂದು ಕಮಲದಿಂದ ಇನ್ನೊಂದು ಕಮಲಕ್ಕೆ ಮೆಟ್ಟಿಲು ಹತ್ತಿ ಇಳಿದೆವು. ಮೊದಮೊದಲು ಭಾವ ಗೊಣಗುತ್ತಿದ್ದರು. "ಹೇಳಿದ್ದೆ ನಾನು, ಒಬ್ಬಳೇ ಓಡಾಡ್ಬೇಡ ಅಂತ." ಆಮೇಲೆ ಗೊಣಗುವುದೂ ನಿಂತಿತು. ಹೊರಗಿನ ಕಟಕಟೆಯ ಬಳಿ ಬಂದಾಗ ಅವರು ಬಗ್ಗಿ ನೀರನ್ನು ನೋಡಿದರು. ಅಷ್ಟು ಹೊತ್ತೂ ಒಳಗೊಳಗೇ ನಗುತ್ತಿದ್ದ ನಾನು ಆಗ ಅವರ ಕೈ ಹಿಡಿದೆಳೆದುಕೊಂಡು ಒಳಗೆ ಓಡಿದೆ.

ವಿಚಾರಣೆಯ ಕೌಂಟರಿನಲ್ಲಿದ್ದ ಹುಡುಗ, "ಗಾಬರಿ ಬೇಡ ಸಾರ್, ಅನೌನ್ಸ್ ಮಾಡ್ತೀವಿ. ಯಾರು ಅವರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನನ್ನ ಮಿಸೆಸ್ಸು."

"ಹೆಸರು ಸಾರ್?"

ಭಾವ ಬಾಯಿ ತೆರೆದರು. ಮುಚ್ಚಿದರು. ನಾನು ಹೇಳಹೊರಟೆ, ಅಷ್ಟರಲ್ಲಿ ಅವರು ಅಲ್ಲಿರಲೇ ಇಲ್ಲ. ಮೇಲಿನ ಅಂತಸ್ತಿನಲ್ಲಿ ಈಜುಕೊಳದ ಪಕ್ಕ ತಂಬೋಲ ಆಟ ನಡೆಯುತ್ತಿತ್ತು. ವೇದಿಕೆಯ ಮೇಲೆ ಒಬ್ಬ ಮೈಕು ಹಿಡಿದು ಅಂಕಿಗಳನ್ನು ಕೂಗುತ್ತಿದ್ದ. ನಾನು ಏದುಸಿರು ಬಿಡುತ್ತಾ ಅಲ್ಲಿಗೆ ಹೋಗಿ ಮುಟ್ಟುವಾಗ ಮೈಕು ಭಾವನ ಕೈಯಲ್ಲಿತ್ತು.

"ವಿಶಾಲಾಕ್ಷೀ!"

ಹೊರಗಿನ ಸ್ಪೀಕರುಗಳೆಲ್ಲ ಒಟ್ಟಿಗೆ ಕೂಗಿದವು. ಯಾರೋ ಒಬ್ಬರು, "ಅದು ಎಷ್ಟನೇ ನಂಬರು?" ಎಂದರು. ಒಂದಿಬ್ಬರು ನಕ್ಕರು.

"ವಿಶಾಲಾಕ್ಷೀ, ಎಲ್ಲಿದ್ದೀಯಾ?"

ಮೈಕಿನವನು ಕಸಿದುಕೊಳ್ಳಲು ಕೈ ಚಾಚಿದವನು ಭಾವನ ಮುಖ ನೋಡಿ ಹಿಂದೆ ಸರಿದ. ಭಾವ ಮೈಕನ್ನು ಎರಡೂ ಕೈಯಲ್ಲಿ ತುಟಿಯ ಹತ್ತಿರ ಹಿಡಿದು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು. "ವಿಶಾಲೂ... ಬಾ ಮಾರಾಯ್ತಿ. ನಂಗೆ ಹೆದರಿಕೆ ಆಗ್ತಿದೆ."

ಸ್ವಲ್ಪ ಹೊತ್ತಿಗೆ, ಹಡಗಿನ ಹಿಂಭಾಗದ ಮೆಟ್ಟಿಲುಗಳನ್ನು ಅಕ್ಕ ಒಂದೊಂದಾಗಿ ಇಳಿದು ಬಂದಳು. ಸೀರೆಯ ಸೆರಗು ಗಾಳಿಗೆ ಹಾರುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಭಾವ ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಕಿವಿಮಾತೂ ಹೇಳಲಿಲ್ಲ. ಅವಳ ತೋಳು ಹಿಡಿದುಕೊಂಡು ಅಲ್ಲೇ ಒಂದು ಕುರ್ಚಿಯಲ್ಲಿ ಕೂತರು, ಅಷ್ಟೇ.

ಸಂಜೆ ಭಾವ ಸ್ನಾನಕ್ಕೆ ಹೋದಾಗ ಅಕ್ಕನನ್ನು ಗದರಿದೆ. "ಎಲ್ಲೇ ಹೋಗಿದ್ದೆ? ಅವ್ರ ಜೀವಾನೇ ಹೋಗಿತ್ತಲ್ಲೇ!"

"ಎಲ್ಲಿಗೂ ಇಲ್ಲ. ಹಿಂದ್ಗಡೆ ಕೂತು ನೀರು ನೋಡ್ತಿದ್ದೆ. ಯಾರೂ ಏನೂ ಹೇಳ್ಕೊಡ್ತಿರ್ಲಿಲ್ಲ, ಹಾಯಾಗಿತ್ತು."

"ಮೈಕಲ್ಲಿ ಕೂಗಿದ್ದು ಕೇಳಿಸ್ಲಿಲ್ವಾ?"

"ಮೊದಲ್ನೇ ಸಲಾನೇ ಕೇಳಿಸ್ತು."

"ಮತ್ತೆ ಆಗ್ಲೇ ಬರೋದಲ್ವಾ?"

ಅಕ್ಕ ಹಾಸಿಗೆಯ ಮೇಲಿದ್ದ ಭಾವನ ಪಂಚೆಯನ್ನು ಎತ್ತಿ, ಕೊಡವಿ, ಮಡಚತೊಡಗಿದಳು. ನನ್ನ ಕಡೆ ನೋಡಲಿಲ್ಲ.

"ಮದುವೆಯಾದಾಗ್ಲಿಂದ ಇವಳೇ, ಏಯ್, ಕೇಳ್ತಾ, ಇಷ್ಟೇ ಕಣೇ" ಎಂದಳು. "ಹೆಸ್ರು ಹಿಡಿದು ಒಂದ್ಸಲಾನೂ ಕರ್ದಿರ್ಲಿಲ್ಲ. ಇನ್ನೊಂದ್ಸಲ ಕೂಗ್ಲಿ ಅಂತ ಕೂತಿದ್ದೆ."