ಮೈಕಿನಲ್ಲಿ ಹಂಚಿದ ಲೋಟ

ಒಬ್ಬ ಗಿರಾಕಿಯ ಹತ್ತಿರ ಬಾಯಿ ತಪ್ಪಿದರೆ ಒಬ್ಬನನ್ನು ಸಮಾಧಾನ ಮಾಡಿದರೆ ಸಾಕು. ಊರಿಗೆಲ್ಲ ಸಾರಿ ತಪ್ಪಿದರೆ ಊರೇ ಅಂಗಡಿ ಮುಂದೆ ಬಂದು ನಿಲ್ಲುತ್ತದೆ. ಪ್ರಚಾರಕ್ಕೆ ಕೈ ಹಾಕಿದ ವ್ಯಾಪಾರಿಗೆ ಇದು ತಪ್ಪಿದ್ದಲ್ಲ.

ಎಪ್ಪತ್ತರ ದಶಕದ ಕೊನೆಗೆ ಯಶವಂತಪುರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟೆ. ಎದುರಿಗೇ ಇನ್ನೊಂದು ಪಾತ್ರೆ ಅಂಗಡಿ, ನಮಗಿಂತ ಹಳೆಯದು. ಅದರ ಯಜಮಾನರು ಬಂದವರಿಗೆಲ್ಲ, "ಹೊಸಬ್ರ ಮಾತು ನಂಬ್ಬೇಡಿ" ಅನ್ನುತ್ತಿದ್ದರು. ನಮ್ಮ ಮಾತಿಗೆ ಬೆಲೆ ಬರದಿದ್ದರೆ ಅಂಗಡಿ ಉಳಿಯುವಂತಿರಲಿಲ್ಲ. ಆ ಮಾತಾಡುವ ಕೆಲಸ ವಹಿಸಿಕೊಂಡವನು ನನ್ನ ಬಾಮೈದ.

ಗೋಡೆ

ಮೊದಲು ಅಮೃತಹಳ್ಳಿಯಲ್ಲಿ ಒಬ್ಬ ರೈತರ ಮನೆ ಗೋಡೆ ಮೇಲೆ ನಮ್ಮ ಅಂಗಡಿಯ ಹೆಸರು ಬರೆಸಿದ. ಗೋಡೆ ಬಿಟ್ಟುಕೊಟ್ಟದ್ದಕ್ಕೆ ಆ ಮನೆಯಾಕೆಗೆ ಒಂದು ದಬರಿ ಕೊಟ್ಟೆವು. ವಾರ ಕಳೆದು ಹೋಗಿ ನೋಡಿದರೆ ಗೋಡೆ ತುಂಬ ಬೆರಣಿ. ಹೆಸರೂ ಇಲ್ಲ, ಬಣ್ಣವೂ ಇಲ್ಲ.

"ಏನಮ್ಮಾ ಇದು?" ಅಂದೆ.

"ಒಣಗಿದ ಮ್ಯಾಕೆ ಕಿತ್ಕೋತೀನಿ ಕಣಣ್ಣೋ. ನಿನ್ನಕ್ಸರ ಎಲ್ಗೋಯ್ತದೆ? ಅಲ್ಲೇ ಬೆಚ್ಚಗವ್ವೆ!"

ಸ್ಲೈಡು

ಆಮೇಲೆ ಯಲಹಂಕದ ಟೆಂಟ್ ಸಿನಿಮಾ. ಅಲ್ಲಿ ಒಂದೇ ಮೆಷಿನ್ನು. ರೀಲು ಬದಲಾಯಿಸುವಾಗ ಅಂಗಡಿಗಳ ಸ್ಲೈಡು ಹಾಕುತ್ತಿದ್ದರು. ನಮ್ಮದು ಹೇಗೆ ಬರುತ್ತದೆಂದು ನೋಡಲು ಸಂಸಾರ ಸಮೇತ ಹೋದೆವು. ಪಾಪ, ನಾಯಕಿ ಅತ್ತೆಯ ಕಾಟ ತಾಳದೆ ಬಾವಿಗೆ ಹಾರಿದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಸರಿಯಾಗಿ ಆಗಲೇ ರೀಲು ಮುಗಿಯಿತು. ಪರದೆ ಮೇಲೆ ನಮ್ಮದು: "ನೀರಿಗೆ ಬಿಂದಿಗೆ ಬೇಕೆ? ನಮ್ಮಲ್ಲಿಗೆ ಬನ್ನಿ!"

ಮುಂದೆ ಕೂತಿದ್ದ ಹೆಂಗಸು ಅಳುತ್ತಲೇ ಕೂಗಿದಳು: "ಬಿಂದಿಗೆ ಆಮೇಲೆ ಮಾರೀರಂತೆ, ಮೊದ್ಲು ಒಂದು ಹಗ್ಗ ಬಿಡ್ರಪ್ಪಾ!"

ಹ್ಯಾಂಡ್‌ಬಿಲ್ಲು

"ಸೋರುವ ಕೊಡ ತನ್ನಿ, ಹೊಸ ಕೊಡ ಒಯ್ಯಿರಿ!" ಎಂದು ಬಾಮೈದ ಅಚ್ಚು ಹಾಕಿಸಿ ಮನೆಮನೆಗೆ ಹಂಚಿಸಿದ. 'ನಮ್ಮಲ್ಲಿ ಕೊಂಡ ಕೊಡ' ಅನ್ನುವುದನ್ನೇ ಬಿಟ್ಟಿದ್ದ. ಕೇಳಿದರೆ, "ಜಾಗ ಸಾಲ್ಲಿಲ್ಲ ಭಾವ" ಅಂದ.

ಮಾರನೆಯ ದಿನ ಒಬ್ಬ ಅಜ್ಜಿ ಬಂದರು. ಕಂಕುಳಲ್ಲಿ ಅವರ ಮದುವೆ ಕಾಲದ ಹಿತ್ತಾಳೆ ಕೊಡ, ತಳದಲ್ಲಿ ತೂತು.

"ಅಜ್ಜಿ, ಇದು ನಮ್ಮಂಗಡೀದಲ್ಲ."

"ಅಲ್ವೇ ಅಲ್ಲ ಕಣಪ್ಪ. ನಿಮ್ಮದಾಗಿದ್ರೆ ಸೋರ್ತಿತ್ತಾ?"

ಎದುರಂಗಡಿಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಹೊಸ ಕೊಡ ಕೊಟ್ಟು ಕಳಿಸಿದೆ.

ಮೈಕು

ಗೌರಿ ಹಬ್ಬ ಹತ್ತಿರ ಬಂತು. ಈ ಸಲ ಬಾಮೈದ ಆಟೋಗೆ ಮೈಕು ಕಟ್ಟಿಸಿ ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸೆಲ್ಲ ಸುತ್ತಿದ. "ಭಾನುವಾರ ಮಗುವಿನ ಜೊತೆ ಬನ್ನಿ, ಮಗುವಿಗೊಂದು ಸ್ಟೀಲ್ ಲೋಟ ಉಚಿತ!" ಪಾತ್ರೆ ಕೊಂಡವರಿಗೆ ಮಾತ್ರ ಅಂತ ಮಾತಾಗಿತ್ತು. ಮೈಕು ಕೈಗೆ ಬಂದ ಉತ್ಸಾಹದಲ್ಲಿ ಅದನ್ನು ನುಂಗಿದ್ದ.

ಭಾನುವಾರ ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ಬಂತು. ಮಕ್ಕಳಿಲ್ಲದವರು ಪಕ್ಕದ ಮನೆಯಿಂದ ಕಡ ತಂದಿದ್ದರು. ನೀಲಿ ಚಡ್ಡಿಯ ಒಬ್ಬ ಪೋರನನ್ನು ಬೇರೆ ಬೇರೆ ತಾಯಂದಿರ ಜೊತೆ ನೋಡಿ ಕೇಳಿದೆ: "ಏ ಮರಿ, ನೀನು ಯಾರ ಮಗನೋ?"

ಹುಡುಗ ಪಕ್ಕದಲ್ಲಿದ್ದಾಕೆಯ ಮುಖ ನೋಡಿ ಹೇಳಿದ: "ಈಗ ಇವರ ಮಗ."

ಮಧ್ಯಾಹ್ನದ ಹೊತ್ತಿಗೆ ಲೋಟ ಖಾಲಿ, ಸಾಲು ಮಾತ್ರ ಹಾಗೇ ಇದೆ. "ಶಟರ್ ಎಳೆದ್ಬಿಡೋಣ ಭಾವ" ಅಂದ ಬಾಮೈದ. ಎದುರಂಗಡಿಯವರು ಅದನ್ನೇ ಕಾಯುತ್ತಿದ್ದರು. ನಾನು ಅಂದೆ: "ಬೀದಿಬೀದೀಲಿ ಕೂಗಿದ ಮೇಲೆ ಎಂಥ ಶಟರ್ರೋ? ಹೋಗು, ಎದುರಂಗಡೀಲೇ ಲೋಟ ಕೊಂಡ್ಕೊಂಡು ಬಾ."

ಅವರು ಒಂದು ಪೈಸೆ ಬಿಡದೆ, ಅಂಗಡಿಯಲ್ಲಿದ್ದ ಲೋಟವೆಲ್ಲ ಮಾರಿದರು. ಸಂಜೆಗೆ ಸಾಲು ಕರಗಿತು. ಬರಿಗೈಲಿ ಹೋದವರು ಒಬ್ಬರೂ ಇಲ್ಲ. ಹೋಗುವಾಗ ಹಬ್ಬಕ್ಕೆಂದು ಪಾತ್ರೆ ಕೊಂಡವರೂ ಬೇಕಾದಷ್ಟು. ಉಸ್ಸಪ್ಪಾ ಎಂದು ಕೂತೆ.

ಆಗ ಎದುರಂಗಡಿ ಯಜಮಾನರೇ ರಸ್ತೆ ದಾಟಿ ಬಂದರು. ಜೊತೆಗೆ ಪುಟ್ಟ ಮೊಮ್ಮಗಳು.

"ಮಗು ಕರ್ಕೊಂಡು ಬಂದಿದ್ದೀನಿ. ಲೋಟ ಕೊಡಿ."

"ಯಜಮಾನ್ರೇ, ಉಳಿದಿರೋದು ನಿಮ್ಮಂಗಡಿ ಲೋಟಾನೇ ಕಣ್ರೀ!"

"ಗೊತ್ತು ಸ್ವಾಮಿ, ಅದಕ್ಕೇ ನಂಬಿ ಬಂದೆ. ಮಾರಿದ್ದೂ ಆಯ್ತು, ಮಾಲು ವಾಪಸ್ ಬಂದದ್ದೂ ಆಯ್ತು. ಮುಂದಿನ ಭಾನುವಾರಾನೂ ಮೈಕು ಹಾಕ್ಸಿ, ಆಟೋ ಬಾಡಿಗೆ ನಾನೇ ಕೊಡ್ತೀನಿ!"