ಹೆಡ್ ಮಾಸ್ತರರ ಕಾರು

ದೌಲಪ್ಪ ಹೆಂಡತಿಯಿಂದ ಮುಚ್ಚಿಟ್ಟದ್ದು ಒಂದೇ ಮಾತು, ಆದರೆ ಅದು ಸಣ್ಣ ಮಾತಲ್ಲ. ಅವನು ಮೊನ್ನೆ ಕೊಂಡ ಹಳೆಯ ಕಾರಿನ ಮೊದಲ ಯಜಮಾನರು ನಿವೃತ್ತ ಹೆಡ್ ಮಾಸ್ತರರು. ಸೇಡಂ ರಸ್ತೆಯ ಸಿಗ್ನಲ್ಲಿನಲ್ಲಿ ಇದೇ ಸ್ಟೇರಿಂಗ್ ಹಿಡಿದುಕೊಂಡು ತೀರಿಹೋಗಿದ್ದರು. ಹಸಿರು ದೀಪ ಬಿದ್ದರೂ ಕಾರು ಕದಲದಿದ್ದಾಗಲೇ ಹಿಂದಿನವರಿಗೆ ಗೊತ್ತಾದದ್ದು.

ವಿಮಲಾಬಾಯಿಯೋ, ಸತ್ತ ಚಿಕ್ಕಮ್ಮನ ಇಳಕಲ್ ಸೀರೆಯನ್ನೂ ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಹೆಂಗಸು. ನಿಜ ತಿಳಿದರೆ ಕಾರಿಗೆ ಕಾಲಿಡುವವಳಲ್ಲ, ಮನೆಮುಂದೆ ನಿಲ್ಲಿಸಲೂ ಬಿಡುವವಳಲ್ಲ. ಬದುಕೆಲ್ಲ ಸ್ಕೂಟರಿನ ಮೇಲೆ ಕಲಬುರಗಿ ಬಿಸಿಲು ಕುಡಿದ ದೌಲಪ್ಪನಿಗೆ ಈ ಕಾರೆಂದರೆ ಪ್ರಾಣ.

ಅಂದು ಕಮಲಾಪುರದಲ್ಲಿ ಅವಳ ಅಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯ. ಜೇವರ್ಗಿ ಕಾಲೋನಿಯಿಂದ ಹೊರಡುವಾಗ ಪಕ್ಕದ ಮನೆಯ ಚಾಂದಪಾಶಾ, "ನನಗೂ ಅಲ್ಲಿಂದ ಕೆಂಪು ಬಾಳಿಹಣ್ಣು ತರೋದದ" ಎಂದು ಕರೆಯದೆಯೇ ಹಿಂದಿನ ಸೀಟಿನಲ್ಲಿ ಕುಳಿತ. ಊರ ಉಸಾಬರಿಯೆಲ್ಲ ಅವನದೇ.

ಹುಮನಾಬಾದ ರಸ್ತೆ ಹಿಡಿದಾಗ ಮೋಡ ಕವಿದು ಹಗಲೇ ಮಬ್ಬಾಗಿತ್ತು. ತೊಗರಿ ಹೊಲಗಳಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ದೌಲಪ್ಪಣ್ಣ, ಗಾಡಿ ಮೊದ್ಲ ಯಾರ್ದಿತ್ತು?" ಚಾಂದಪಾಶಾ ಕೇಳಿದ.

"ಒಬ್ರು ಡಾಕ್ಟರ್ದು. ಫಾರಿನ್ನಿಗಿ ಹೋದ್ರು."

ಮೀಟರಿನ ಪಕ್ಕ ಇಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಮಿನುಗಿತು. ಕಾರು ಚಳಿಜ್ವರ ಬಂದಂತೆ ನಡುಗಿತು. ಅವನು ಬಾಯಿ ಮುಚ್ಚಿದ್ದೇ ದೀಪವೂ ಆರಿತು.

"ಏನ್ರಿ ಅದು, ಕಣ್ಣ ಮಿಟಕಿಸಿದಂಗ?" ವಿಮಲಾಬಾಯಿ ಕೇಳಿದಳು.

"ಏನಿಲ್ಲ. ಎಲ್ಲಾ ಗಾಡ್ಯಾಗೂ ಇರ್ತದ."

ದೀಪ ಮತ್ತೆ ಮಿನುಗಿತು.

ಮಹಾಗಾಂವ ಕ್ರಾಸಿನಲ್ಲಿ ಬಾನೆಟ್ ಎತ್ತಿದರು. ಚಾಂದಪಾಶಾ ತಲೆ ಒಳಗಿಟ್ಟು, ಅಲ್ಲಿ ಇಲ್ಲಿ ಬಡಿದು, "ಇಂಜಿನ್ ಅಂತೂ ಅದ" ಎಂದು ತೀರ್ಪು ಕೊಟ್ಟ. ಮತ್ತೆ ಹೊರಟರು. ಕಾರ್ಯ ಎಷ್ಟೊತ್ತಿಗೆ, ಊಟಕ್ಕೆ ಏನು ಎಂಬ ಮಾತಿಗೆಲ್ಲ ದೀಪ ಸುಮ್ಮನಿತ್ತು.

"ಆ ಡಾಕ್ಟರ್ ಯಾವ ದವಾಖಾನಿಯವ್ರು?" ಚಾಂದಪಾಶಾ ಮತ್ತೆ ಕೆದಕಿದ.

"ದೊಡ್ಡ... ದೊಡ್ಡ ದವಾಖಾನಿ."

ಮಿಣಮಿಣ!

ಕಾರು ಮಾರಿದವನು ಹೇಳಿದ್ದು ದೌಲಪ್ಪನಿಗೆ ನೆನಪಾಯಿತು. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವುದರಲ್ಲಿ ಆ ಮಾಸ್ತರರು ಹೆಸರುವಾಸಿಯಂತೆ. ಸೀಟಿನಿಂದ ನಶ್ಯದ ವಾಸನೆ ಏಳುತ್ತಿತ್ತು. ಕಾರಿನಲ್ಲಿದ್ದ ಮೂವರೂ ನಶ್ಯ ಸೇದುವವರಲ್ಲ. ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿಕೊಳ್ಳಲೂ ಕೈ ಬಿಡುವಿಲ್ಲ, ಸ್ಟೇರಿಂಗ್ ಬಿಟ್ಟರೆ ಗತಿಯೇನು?

"ಡಾಕ್ಟರ್ ಖರೇನ ಫಾರಿನ್ನಿಗಿ ಹೋದ್ರೇನ್ರಿ?" ವಿಮಲಾಬಾಯಿ ಮೆಲ್ಲಗೆ ಕೇಳಿದಳು.

"ಹೌ... ಹೌದು!"

ದೀಪ ಹುಚ್ಚೆದ್ದು ಮಿನುಗಿತು. ಕಾರು ಗಡಗಡ ನಡುಗಿತು. ಅದೇ ಹೊತ್ತಿಗೆ ಅವನ ಕುತ್ತಿಗೆಗೆ ಯಾರದೋ ಬಿಸಿಯುಸಿರು ತಾಗಿತು.

"ತಪ್ಪಾತ್ರಿ ಮಾಸ್ತರ!" ಎಂದು ಚೀರಿ ದೌಲಪ್ಪ ಬ್ರೇಕ್ ಒತ್ತಿದ. ಕೈಮುಗಿದು, ಸಿಗ್ನಲ್ಲಿನಿಂದ ಹಿಡಿದು ಸಾವಿನವರೆಗೆ ಎಲ್ಲ ಒಪ್ಪಿಸಿಬಿಟ್ಟ.

ದೀಪ ನೋಡಲೆಂದು ಮುಂದೆ ಬಗ್ಗಿ ಉಸಿರು ಬಿಡುತ್ತಿದ್ದ ಚಾಂದಪಾಶಾ, "ಯಾ ಅಲ್ಲಾ!" ಎಂದು ಇಳಿದವನು ಬಾಳೆಹಣ್ಣಿನ ಆಸೆ ಬಿಟ್ಟು ಕಲಬುರಗಿಯ ಕಡೆ ನಡೆದೇಬಿಟ್ಟ. ವಿಮಲಾಬಾಯಿ ಇಳಿಯಲಿಲ್ಲ, ದೀಪವನ್ನೊಮ್ಮೆ ಗಂಡನನ್ನೊಮ್ಮೆ ನೋಡಿದಳು. ದೌಲಪ್ಪನಿಗೆ ಮಾಸ್ತರರಿಗಿಂತ ಆ ನೋಟವೇ ಹೆಚ್ಚು ಭಯ ಹುಟ್ಟಿಸಿತು.

ಕಮಲಾಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನದೀಮ್ ಕಾರನ್ನು ಒಂದು ಸುತ್ತು ಓಡಿಸಿ ಬಂದ.

"ಸ್ಪಾರ್ಕ್ ಪ್ಲಗ್ ಹೋಗ್ಯಾದ್ರಿ. ಸಾವಕಾಶ ಹೊಡದ್ರ ಏನಾಗಂಗಿಲ್ಲ. ಒಮ್ಮಿಗಿಲೆ ಎಕ್ಸಲೇಟರ್ ತುಳದ್ರ ಇಂಜಿನ್ ಮಿಸ್ ಹೊಡೀತದ, ದೀಪ ಮಿಣಕ್ತದ. ಅಷ್ಟೇ."

ಹೊಸ ಪ್ಲಗ್ ಹಾಕಿದ. ದೌಲಪ್ಪನಿಗೆ ಹೋದ ಜೀವ ಬಂತು.

"ಕೇಳಿದಿಲ್ಲೋ? ದೆವ್ವಿಲ್ಲ, ಭೂತಿಲ್ಲ! ಗಾಡಿ ಮಾರೋದು ಬ್ಯಾಡಲ್ಲ?"

"ಅಯ್ಯ, ಯಾಕ ಮಾರ್ತೀರಿ?" ವಿಮಲಾಬಾಯಿ ನಗುತ್ತ ಮುಂದಿನ ಸೀಟಿನಲ್ಲಿ ಕುಳಿತಳು. "ಸತ್ತವ್ರ ಕಾರಾದ್ರೂ ಛಲೋ ಅದ. ನಡೀರಿ."

ಇಂಥ ಹೆಂಡತಿಯ ಮುಂದೆ ಸುಳ್ಳು ಹೇಳಿದೆನಲ್ಲ ಎಂದು ದೌಲಪ್ಪನ ಕಣ್ಣು ತುಂಬಿತು. ಕಾರು ಅಣ್ಣನ ಮನೆಯ ಓಣಿಗೆ ತಿರುಗಿತು.

"ಅಲ್ರಿ, ಹ್ವಾದ ದೀಪಾವಳಿಗಿ ನಮ್ಮಣ್ಣ ಕರದಾಗ ನಿಮಗ ಜ್ವರ ಬಂದಿತ್ತಲ್ಲ, ಖರೇನ ಬಂದಿತ್ತೇನ್ರಿ?"

"ಬಂದಿತ್ತಲ್ಲ! ಸುಡಾಕತ್ತಿತ್ತು ಮೈ!"

ಕಾರು ಬೆದರಿದ ಕೋಣದಂತೆ ಮುಂದಕ್ಕೆ ಜಿಗಿಯಿತು. ದೀಪ ಮಿನುಗಲಿಲ್ಲ. ವಿಮಲಾಬಾಯಿ ದೀಪವನ್ನು ನೋಡುತ್ತಲೂ ಇರಲಿಲ್ಲ. ಅವಳ ಕಣ್ಣು ಗಂಡನ ಬಲಗಾಲಿನ ಮೇಲಿತ್ತು.